ಬಳ್ಳಾರಿ ಜಾಲಿ: ಬೇರು ಸಮೇತ ಕೀಳಬೇಕೋ, ಹದ್ದುಬಸ್ತಿನಲ್ಲಿ ಇಡಬೇಕೋ?

ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರು ಬಳ್ಳಾರಿ ಜಾಲಿ ಎಂದು ಕರೆಯುವ ಮರಕ್ಕೆ ಅದೇ ಊರಿನ ತೆಲುಗರು ಸರ್ಕಾರ್ ತುಮ್ಮ ಎನ್ನುತ್ತಾರೆ. ತಮಿಳಿನಲ್ಲಿ ಅದು ಸೀಮೈ ಕರುವೇಲಂ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮರಾಠಿಯಲ್ಲಿ ವೇಡಿ ಬಾಭೂಳ, ಅಂದರೆ ಹುಚ್ಚು ಜಾಲಿ. ಸೀಮೆಯಿಂದ ಬಂತು, ಸರ್ಕಾರ ತಂದು ನೆಟ್ಟಿತು, ಆಮೇಲೆ ಹತೋಟಿ ತಪ್ಪಿತು ಎಂಬ ಕಥೆಯೆಲ್ಲ ಈ ಹೆಸರುಗಳಲ್ಲೇ ಇದೆ. ಬಳ್ಳಾರಿಯವರಿಗೆ ಮಾತ್ರ ಸುಮ್ಮನೆ ಕೆಟ್ಟ ಹೆಸರು. ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಕೆರಿಬಿಯನ್ ದ್ವೀಪಗಳು. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಹಳೆಯ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಈ ಮರವನ್ನು ನಿರ್ಮೂಲ ಮಾಡಬೇಕು ಎಂಬ ಬೇಡಿಕೆ ಗಡಿಯ ಆಚೆ ಈಚೆ ಎರಡೂ ಕಡೆ ಇದೆ. ಕೆರೆ ಅಂಗಳ ತುಂಬಿಕೊಂಡಿದೆ, ಕಾಲುವೆ ಕಟ್ಟಿದೆ, ಬೀಳು ಬಿಟ್ಟ ಹೊಲ ನಾಲ್ಕಾರು ವರ್ಷದಲ್ಲೇ ಮುಳ್ಳುಕಾಡಾಗಿದೆ ಎಂಬ ದೂರುಗಳು ಸುಳ್ಳಲ್ಲ. ಆದರೆ ಅದೇ ಊರಿನಲ್ಲಿ ಹೊಲ ಇಲ್ಲದವರ ಮನೆಯ ಒಲೆ ಉರಿಯುವುದು ಇದೇ ಕಟ್ಟಿಗೆಯಿಂದ. ಇದ್ದಿಲು ಸುಟ್ಟು ಮಾರಿ ಬೇಸಿಗೆ ದಾಟುವ ಕುಟುಂಬಗಳೂ ಇವೆ. ಆದ್ದರಿಂದ ಊರಿನವರು ಮೊದಲು ತೀರ್ಮಾನಿಸಬೇಕಾದದ್ದು ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು, ತೆಗೆದ ಮೇಲೆ ಆ ಜಾಗವನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು. ಜೆಸಿಬಿ ಕರೆಸುವುದು ಆಮೇಲಿನ ಮಾತು.

ಬಂದದ್ದು ಹೇಗೆ?

ರಾಯಲಸೀಮೆಗೆ ಈ ಮರ ಬಂದು 140 ವರ್ಷಕ್ಕೂ ಹೆಚ್ಚಾಯಿತು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಕರ್ನಲ್ ಬೆಡ್ಡೋಮ್ 1876ರಲ್ಲಿ ಇದರ ಬೀಜ ತರಿಸುವಂತೆ ಸರ್ಕಾರಕ್ಕೆ ಬರೆದರು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂ ನೆಡುತೋಪಿನಲ್ಲಿ ಮೊದಲ ಗಿಡಗಳು ಬೇರೂರಿದವು. ಅದು ಭೀಕರ ಬರದ ಕಾಲ. ಮಳೆಯಿಲ್ಲದ ನೆಲದಲ್ಲಿ ಬದುಕುವ, ಬೇಗ ಬೆಳೆಯುವ, ಉರುವಲಿಗೆ ಆಗುವ ಮರ ಬೇಕಾಗಿತ್ತು. ಸಿಂಧ್ ಪ್ರಾಂತ್ಯದಲ್ಲೂ ಹೆಚ್ಚು ಕಡಿಮೆ ಅದೇ ಸಮಯಕ್ಕೆ ನೆಡಲಾಯಿತು. 1940ರಲ್ಲಿ ಜೋಧಪುರ ಸಂಸ್ಥಾನ ಇದನ್ನು ರಾಜವೃಕ್ಷ ಎಂದು ಘೋಷಿಸಿ ರಕ್ಷಣೆ ಕೊಟ್ಟಿತ್ತು. 1960ರ ಸುಮಾರಿಗೆ ಗುಜರಾತಿನ ಕಛ್‌ನಲ್ಲಿ ಉಪ್ಪು ಮರುಭೂಮಿ ಮುಂದೆ ಬರದಂತೆ ತಡೆಯಲು ಬನ್ನಿ ಎಂಬ ಹುಲ್ಲುಗಾವಲಿನ ಅಂಚಿಗೆ ಸುಮಾರು 31,000 ಹೆಕ್ಟೇರಿನಲ್ಲಿ ಅರಣ್ಯ ಇಲಾಖೆಯೇ ಇದನ್ನು ಬೆಳೆಸಿತು.

ನೆಟ್ಟವರ ಉದ್ದೇಶವನ್ನು ಹಳಿಯುವಂತಿಲ್ಲ. ಹೊರದೇಶದ್ದು ಎಂಬುದೇ ಅಪರಾಧವೂ ಅಲ್ಲ. ಅನಂತಪುರದ ಹೊಲ ತುಂಬಿರುವ ಶೇಂಗಾ, ಮನೆಮನೆಯ ಮೆಣಸಿನಕಾಯಿ, ಟೊಮೆಟೊ ಎಲ್ಲ ಅದೇ ಅಮೆರಿಕದಿಂದ ಬಂದವು. ಅವು ಬಿತ್ತಿದಲ್ಲಿ ಬೆಳೆಯುತ್ತವೆ, ಬಿತ್ತದಿದ್ದರೆ ಇಲ್ಲ. ಯಾರೂ ಬಿತ್ತದೆ ತಾನಾಗಿ ಹರಡಿ, ಇದ್ದ ಗಿಡ, ಹುಲ್ಲು, ನೀರಿನ ಜಾಗ ಕಿತ್ತುಕೊಳ್ಳುವುದನ್ನು ಮಾತ್ರ ಆಕ್ರಮಣಕಾರಿ ಸಸ್ಯ ಎನ್ನುತ್ತಾರೆ.

ಇಷ್ಟು ಬೇಗ ಹರಡುವುದೇಕೆ?

ಕಾಯಿ ಸಿಹಿ. ಆಡು, ಕುರಿ, ದನ ಎಲ್ಲವೂ ಬೇಸಿಗೆಯಲ್ಲಿ ಮುಗಿಬಿದ್ದು ತಿನ್ನುತ್ತವೆ. ಬೀಜದ ಸಿಪ್ಪೆ ಗಟ್ಟಿ, ಹೊಟ್ಟೆಯಲ್ಲಿ ಅರಗುವುದಿಲ್ಲ. ಹೊಟ್ಟೆಯಿಂದ ಹೊರಬರುವಾಗ ಸಿಪ್ಪೆ ಮೆದುವಾಗಿ, ಹಿಕ್ಕೆ ಸಗಣಿಯ ಗೊಬ್ಬರವೂ ಜೊತೆಗೆ ಸಿಕ್ಕಿ ಬೇಗ ಮೊಳೆಯುತ್ತದೆ. ಕುರಿಹಿಂಡು ಎಲ್ಲೆಲ್ಲಿ ನಡೆಯಿತೋ ಅಲ್ಲೆಲ್ಲ ಜಾಲಿ ನಡೆಯಿತು. ಮೊಳೆಯದೆ ಉಳಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಎಲೆಯನ್ನು ಮಾತ್ರ ಜಾನುವಾರು ಮೂಸುವುದಿಲ್ಲ. ಹಾಗಾಗಿ ಸಸಿಯನ್ನು ಮೇಯುವವರೇ ಇಲ್ಲ.

ಇನ್ನು ಬೇರು. ಅಮೆರಿಕದ ಅರಿಜೋನಾದಲ್ಲಿ ಗಣಿ ತೋಡುವಾಗ ಈ ಜಾತಿಯ ಮರದ ಬೇರು 50 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿದ್ದು ದಾಖಲಾಗಿದೆ. ನಮ್ಮ ಕಡೆ ಕಲ್ಲುನೆಲದಲ್ಲಿ ಅಷ್ಟು ಆಳ ಹೋಗಲಾರದು. ಆದರೂ ಸುಡುವ ಏಪ್ರಿಲ್ ತಿಂಗಳಲ್ಲೂ ಹಸಿರಾಗಿ ನಿಲ್ಲುವುದು ಆಳದ ನೀರಿನ ಬಲದಿಂದಲೇ. ಗಾಳಿಯ ತೇವವನ್ನೆಲ್ಲ ಹೀರಿ ಮಳೆಯನ್ನೇ ಓಡಿಸುತ್ತದೆ ಎಂಬ ಮಾತು ಬಹಳ ಕಡೆ ಹರಿದಾಡುತ್ತದೆ. ಅದಕ್ಕೆ ಆಧಾರವಿಲ್ಲ. ನೆಲದೊಳಗಿನ ನೀರು ಕುಡಿಯುವುದು ನಿಜ, ಮಳೆ ತಡೆಯುವುದು ಸುಳ್ಳು.

ಮುಖ್ಯವಾದ ಸಂಗತಿ ಬೊಡ್ಡೆಯಲ್ಲಿದೆ. ನೆಲದ ಮಟ್ಟದಲ್ಲಿ, ಅದರ ಸ್ವಲ್ಪ ಕೆಳಗೆ ಕೂಡ, ಮಲಗಿರುವ ಮೊಗ್ಗುಗಳಿರುತ್ತವೆ. ನೆಲದಿಂದ ಮೇಲೆ ಕಡಿದರೆ ಒಂದು ಕಾಂಡ ಇದ್ದಲ್ಲಿ ಹತ್ತು ಕಾಂಡ ಏಳುತ್ತವೆ. ಕೆರೆ ಸ್ವಚ್ಛ ಮಾಡಿದೆವು ಎಂದು ಫೋಟೊ ತೆಗೆಸಿಕೊಂಡ ಊರುಗಳಲ್ಲಿ ಎರಡನೇ ವರ್ಷಕ್ಕೆ ಮೊದಲಿಗಿಂತ ದಟ್ಟ ಪೊದೆ ಕಾಣುವುದು ಈ ಕಾರಣಕ್ಕೆ.

ನಷ್ಟ ಯಾರಿಗೆ, ಲಾಭ ಯಾರಿಗೆ?

ಕೆರೆಗೆ ನೀರು ತರುವ ಹಳ್ಳ, ಕಾಲುವೆಗಳಲ್ಲಿ ಬೆಳೆದರೆ ಹರಿವು ನಿಲ್ಲುತ್ತದೆ, ಹೂಳು ಕೂರುತ್ತದೆ. ಏರಿಯ ಮೇಲೆ ಬೆಳೆದರೆ ಬೇರು ಮಣ್ಣನ್ನು ಸಡಿಲಿಸುತ್ತದೆ. ಬೀಳು ಹೊಲವನ್ನು ಮತ್ತೆ ಉಳುಮೆಗೆ ತರುವ ಖರ್ಚು ಸಣ್ಣ ರೈತನ ಕೈಗೆ ಎಟುಕುವುದಿಲ್ಲ. ಮುಳ್ಳು ಚುಚ್ಚಿ ಕೀವಾಗುವುದು, ಸೈಕಲ್ ಟಯರ್ ತೂತಾಗುವುದು ದಿನದ ಮಾತು. ಇದರ ಹೂವಿನ ಪರಾಗದಿಂದ ಕೆಲವರಿಗೆ ಮೂಗು, ಶ್ವಾಸದ ಅಲರ್ಜಿ ಬರುತ್ತದೆ. ಕಾಯಿಯನ್ನೇ ಹೊಟ್ಟೆ ತುಂಬ ತಿಂದು ಬದುಕುವ ದನಗಳಿಗೆ ಹೊಟ್ಟೆ ಕಟ್ಟುತ್ತದೆ.

ಹುಲ್ಲುಗಾವಲಿನ ನಷ್ಟ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸೊಲ್ಲಾಪುರದ ಹತ್ತಿರದ ನಾನಜದಲ್ಲಿ 1979ರಲ್ಲಿ ಅಭಯಾರಣ್ಯ ಮಾಡಿದ್ದು ಮಾಳಢೋಕ್ ಹಕ್ಕಿಗಾಗಿ, ಅಂದರೆ ಕನ್ನಡದಲ್ಲಿ ಎರ್ಲಡ್ಡು ಎನ್ನುವ ದೊಡ್ಡ ಹಕ್ಕಿಗಾಗಿ. ಆ ಹಕ್ಕಿಗೂ ಕೃಷ್ಣಮೃಗ, ತೋಳಗಳಿಗೂ ಬೇಕಾದದ್ದು ಬಯಲು. ಬಯಲನ್ನು ಬಂಜರು ಎಂದು ತಿಳಿದು ಮರ ತುಂಬಿಸಿದಲ್ಲೆಲ್ಲ ಅವುಗಳ ನೆಲೆ ಕುಗ್ಗಿತು. ಬಯಲಿಗೆ ಕಾಡಿನಷ್ಟು ಬೆಲೆ ನಮ್ಮ ಕಡತಗಳಲ್ಲಿ ಎಂದೂ ಸಿಕ್ಕಿಲ್ಲ.

ಇನ್ನೊಂದು ಕಡೆಯ ಲೆಕ್ಕವೂ ದೊಡ್ಡದೇ. ಬಳ್ಳಾರಿ ಜಾಲಿಯ ಕಟ್ಟಿಗೆ ಹಸಿಯಾಗಿದ್ದರೂ ಹತ್ತಿಕೊಳ್ಳುತ್ತದೆ, ಹೆಚ್ಚು ಹೊತ್ತು ಉರಿಯುತ್ತದೆ, ಇದ್ದಿಲು ಗಟ್ಟಿ. ಗ್ಯಾಸ್ ಸಿಲಿಂಡರ್ ಮನೆಗೆ ಬಂದಿದ್ದರೂ ತುಂಬಿಸಲು ಹಣ ಇಲ್ಲದಾಗ ಹೆಂಗಸರು ಹೋಗುವುದು ಈ ಪೊದೆಗಳ ಕಡೆಗೇ. ಈ ಮರ ಇಲ್ಲದಿದ್ದರೆ ಅವರ ಕೊಡಲಿ ಬೀಳುತ್ತಿದ್ದುದು ಉಳಿದಿರುವ ಕುರುಚಲು ಕಾಡಿನ ಮೇಲೆ. ಹೊಲದ ಬೇಲಿಗೆ ಇದರ ಮುಳ್ಳುಕಂಟಿಯಷ್ಟು ಅಗ್ಗದ್ದು ಬೇರೆ ಇಲ್ಲ. ಉಪ್ಪು, ಚೌಳು ನೆಲದಲ್ಲೂ ಬೆಳೆದು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಹಗರಿ ನದಿಯ ಮರಳು ಗಾಳಿಗೆ ಎದ್ದು ಹೊಲಕ್ಕೆ ನುಗ್ಗುವ ಕಣೇಕಲ್, ಬೊಮ್ಮನಹಾಳ್ ಕಡೆಯಂಥ ಊರುಗಳಲ್ಲಿ ನೆಲ ಹಿಡಿದು ನಿಂತ ಯಾವ ಮರವನ್ನಾದರೂ ಒಮ್ಮೆಲೇ ಕಿತ್ತು ಬಯಲು ಮಾಡುವ ಮುಂಚೆ ಎರಡು ಸಲ ಯೋಚಿಸಬೇಕು.

ನಷ್ಟ ಮತ್ತು ಲಾಭ ಒಂದೇ ಊರಿನ ಬೇರೆ ಬೇರೆ ಮನೆಗಳಿಗೆ ಹೋಗುತ್ತವೆ. ಕೀಳಬೇಕು ಎನ್ನುವವರು ಸಾಮಾನ್ಯವಾಗಿ ಹೊಲ ಇದ್ದವರು, ಅಚ್ಚುಕಟ್ಟಿನವರು. ಕಳೆದುಕೊಳ್ಳುವವರು ಸಭೆಯ ಹಿಂದಿನ ಸಾಲಿನಲ್ಲಿ ನಿಂತವರು. ಊರಸಭೆಯಲ್ಲಿ ಇದನ್ನು ಬಿಡಿಸಿ ಮಾತಾಡದೆ ತೆಗೆದ ತೀರ್ಮಾನ ಬಹಳ ಕಾಲ ನಿಲ್ಲುವುದಿಲ್ಲ.

ಪಾಪಾಸುಕಳ್ಳಿಯನ್ನು ಹುಳ ತಿಂದ ಕಥೆ

ನಿರ್ಮೂಲದ ಮಾತು ಬಂದಾಗ ಹಿರಿಯರು ಪಾಪಾಸುಕಳ್ಳಿಯನ್ನು ನೆನೆಯುತ್ತಾರೆ. ತೆಲುಗಿನಲ್ಲಿ ನಾಗಜೆಮುಡು. ಇದೂ ಅಮೆರಿಕದ್ದೇ. 1795ರಲ್ಲಿ ಬ್ರಿಟಿಷರು ಕೆಂಪು ಬಣ್ಣ ತೆಗೆಯಲೆಂದು ಬ್ರೆಜಿಲ್‌ನಿಂದ ಕಳ್ಳಿಯ ಮೇಲೆ ಬದುಕುವ ಒಂದು ಸಣ್ಣ ಕೀಟವನ್ನು ತಂದರು. ಬಂದದ್ದು ಬಣ್ಣದ ಕೀಟವಲ್ಲ, ಅದರ ದಾಯಾದಿ. ಬಣ್ಣ ಸಿಗಲಿಲ್ಲ, ಆದರೆ ಒಂದು ಜಾತಿಯ ಕಳ್ಳಿಯನ್ನು ಅದು ತಿಂದು ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿ ಅದಕ್ಕೆ ಬಗ್ಗದೆ ದಕ್ಷಿಣದ ಹೊಲ, ಹಾದಿಗಳನ್ನು ತುಂಬಿತು. 1926ರಲ್ಲಿ ಸಿಲೋನಿನಿಂದ ಬೇರೆ ಜಾತಿಯ ಕೀಟ ತಂದು ಬಿಟ್ಟಾಗ ಐದಾರು ವರ್ಷದಲ್ಲಿ ಅದೂ ಕುಸಿಯಿತು. ಹಿಟ್ಟು ಮೆತ್ತಿದಂತೆ ಬೆಳ್ಳಗೆ ಕಾಣುವ, ಅದುಮಿದರೆ ಕೆಂಪು ರಸ ಬರುವ ಆ ಕೀಟವನ್ನು ಇಂದಿಗೂ ಅಲ್ಲಲ್ಲಿ ಉಳಿದ ಕಳ್ಳಿಯ ಮೇಲೆ ನೋಡಬಹುದು. ಕಳ್ಳಿ ನಿರ್ನಾಮವಾಗಲಿಲ್ಲ. ಕೀಟವೂ ಉಳಿಯಿತು, ಕಳ್ಳಿಯೂ ಉಳಿಯಿತು, ಕಾಟ ಮಾತ್ರ ಹೋಯಿತು.

ಹಾಗಾದರೆ ಜಾಲಿಗೂ ಒಂದು ಹುಳ ತರಬಾರದೇಕೆ? ಉತ್ತರ ದಸರೆಯ ದಿನ ಪೂಜೆ ಮಾಡುವ ಮರದಲ್ಲಿದೆ. ಬನ್ನಿ, ಮರಾಠಿಯಲ್ಲಿ ಶಮಿ, ತೆಲುಗಿನಲ್ಲಿ ಜಮ್ಮಿ, ಬಳ್ಳಾರಿ ಜಾಲಿಗೆ ಹತ್ತಿರದ ನೆಂಟ. ತೆಲಂಗಾಣದ ರಾಜ್ಯವೃಕ್ಷವೂ ಅದೇ. ಭಾರತದಲ್ಲಿ ಕಳ್ಳಿಗೆ ಹೀಗೆ ಸ್ಥಳೀಯ ನೆಂಟರು ಇರಲಿಲ್ಲ. ಜಾಲಿಯ ಎಲೆ, ಕಾಂಡ ತಿನ್ನುವ ಕೀಟ ತಂದರೆ ಅದು ಬನ್ನಿಯನ್ನು ಬಿಟ್ಟುಬಿಡುತ್ತದೆ ಎಂದು ಖಾತರಿ ಕೊಡುವವರು ಯಾರು? ದಕ್ಷಿಣ ಆಫ್ರಿಕ 1987ರಲ್ಲಿ ಬೀಜ ಕೊರೆಯುವ ಜೀರುಂಡೆಯನ್ನು ಮಾತ್ರ ಆರಿಸಿತು. ಮರ ಸಾಯುವುದು ಬೇಡ, ಹರಡುವುದು ನಿಲ್ಲಲಿ ಎಂಬ ಲೆಕ್ಕ. ಜೀರುಂಡೆ ಕೊರೆಯುವ ಮುಂಚೆಯೇ ದನಕರು ಕಾಯಿ ತಿಂದು ಮುಗಿಸಿದ್ದರಿಂದ ಫಲ ಅಷ್ಟಕ್ಕಷ್ಟೇ.

ಕೋರ್ಟು ಹೇಳಿದ್ದು, ಕಛ್ ಕಲಿತದ್ದು

2017ರ ಆರಂಭದಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಸೀಮೈ ಕರುವೇಲಂ ತೆಗೆಸುವಂತೆ ಜಿಲ್ಲಾಧಿಕಾರಿಗಳಿಗೆ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ವಕೀಲರನ್ನೇ ಆಯುಕ್ತರಾಗಿ ನೇಮಿಸಿ ಉಸ್ತುವಾರಿ ಮಾಡಿಸಿತು. ಊರೂರಿಗೆ ಯಂತ್ರ ಬಂದವು. ಅದೇ ವರ್ಷ ಏಪ್ರಿಲ್‌ನಲ್ಲಿ ಚೆನ್ನೈನ ಮುಖ್ಯ ಪೀಠ ಕಡಿತಕ್ಕೆ ತಡೆ ಕೊಟ್ಟಿತು. ಪರಿಸರದ ಮೇಲೆ ಆಗುವ ಪರಿಣಾಮವನ್ನು ತಜ್ಞರು ನೋಡಬೇಕು ಎಂಬುದು ವಿಚಾರ. ರಾಮನಾಥಪುರಂ ಕಡೆಯ ಕೆರೆಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದು ಇದೇ ಮರಗಳಲ್ಲಿ ಎಂಬುದು ಚರ್ಚೆಗೆ ಬಂದದ್ದೂ ಆಗಲೇ. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳಿಗೆಂದೇ ಒಂದು ನೀತಿ ಹೊರಡಿಸಿತು. ತೆಗೆಯುವುದರ ಜೊತೆಗೆ ತೆಗೆದ ಜಾಗದಲ್ಲಿ ಸ್ಥಳೀಯ ಗಿಡ, ಹುಲ್ಲು ಮರಳಿ ಬರಿಸುವುದನ್ನೂ ಅದು ಸೇರಿಸಿಕೊಂಡಿದೆ. ಹೊಸೂರು, ತಾಳವಾಡಿಯವರಿಗೆ ಅನ್ವಯಿಸುವುದು ಈ ನೀತಿ.

ಕಛ್‌ನಲ್ಲಿ ಬೇರೆ ದಾರಿ ಹಿಡಿದರು. ಬಳಸಿದರೆ ಖರ್ಚಾಗುತ್ತದೆ ಎಂದು 2004ರಲ್ಲಿ ಇದ್ದಿಲು ಸುಡಲು ಅನುಮತಿ ಕೊಟ್ಟರು. ಕೈಯಲ್ಲಿ ಹಣ ಓಡಾಡಿತು. ಆದರೆ ಕಡಿಯುವವರಿಗೆ ಬೇರು ಕೀಳುವ ಗರಜು ಇರಲಿಲ್ಲ, ಮತ್ತೆ ಚಿಗುರಿದರೆ ಮತ್ತೆ ಆದಾಯ. ಸ್ಥಳೀಯ ಜಾಲಿ ಮರಗಳೂ ಅದೇ ಗೂಡಿಗೆ ಬಿದ್ದವು ಎಂಬ ದೂರು ಬಂತು. 2008ರಲ್ಲಿ ಅನುಮತಿ ಹಿಂದಕ್ಕೆ ಪಡೆದರು. ಒಂದು ಕಳೆಗೆ ಮಾರುಕಟ್ಟೆ ಕಟ್ಟಿದರೆ ಆ ಕಳೆ ಮುಗಿಯಬಾರದು ಎನ್ನುವವರೂ ಹುಟ್ಟುತ್ತಾರೆ.

ನಿರ್ಮೂಲ ಯಾವಾಗ ಸಾಧ್ಯ?

ಇಡೀ ಪ್ರದೇಶದಿಂದ ಒಂದೂ ಬಿಡದೆ ತೆಗೆಯಬೇಕಾದರೆ ಮೂರು ಕೂಡಿ ಬರಬೇಕು. ಎಲ್ಲೆಲ್ಲಿ ಇದೆ ಎಂದು ಪೂರ್ತಿ ಗೊತ್ತಿರಬೇಕು. ಹುಟ್ಟುವುದಕ್ಕಿಂತ ಬೇಗ ಸಾಯಿಸಲು ಆಗಬೇಕು. ಹೊರಗಿನಿಂದ ಮತ್ತೆ ಬರದಂತೆ ತಡೆಯಲು ಆಗಬೇಕು. ಅಮೆರಿಕದ ಫ್ಲೋರಿಡಾದಲ್ಲಿ 1966ರಲ್ಲಿ ಒಬ್ಬ ಹುಡುಗ ತಂದ ಆಫ್ರಿಕದ ದೈತ್ಯ ಬಸವನಹುಳು ಹರಡಿದಾಗ 1975ರ ಹೊತ್ತಿಗೆ ಅದನ್ನು ಅಲ್ಲಿಂದ ಪೂರ್ತಿ ತೆಗೆದರು. ಕೆಲವೇ ಬಡಾವಣೆಗಳಲ್ಲಿ ಇದ್ದದ್ದರಿಂದ, ಬೇಗ ಕಂಡುಹಿಡಿದದ್ದರಿಂದ ಅದು ಆಯಿತು. ಕೇರಳದಲ್ಲಿ ಮಳೆಗಾಲದ ತೋಟ ತಿನ್ನುವುದು ಇದೇ ಹುಳು. ಅದು ಹತ್ತಾರು ವರ್ಷ ನೆಲೆಯೂರಿದ ಮೇಲೆ ಈಗ ಆಗುವುದು ಹತೋಟಿ ಮಾತ್ರ.

ಬಳ್ಳಾರಿ ಜಾಲಿಗೆ ಈ ಮೂರೂ ಇಲ್ಲ. ಒಂದು ಊರು ಪೂರ್ತಿ ತೆಗೆದರೂ ಪಕ್ಕದ ಊರಿನ ಕುರಿ ಬರುತ್ತದೆ, ರಾಜ್ಯದ ಗಡಿ ಕುರಿಗೆ ಗೊತ್ತಿಲ್ಲ. ಆದ್ದರಿಂದ ದೇಶದಿಂದಲೋ ಜಿಲ್ಲೆಯಿಂದಲೋ ನಿರ್ಮೂಲ ಎಂಬ ಘೋಷಣೆ ಹುಸಿ. ಒಂದು ಕೆರೆಯಿಂದ, ಒಂದು ಹಳ್ಳದಿಂದ, ಒಂದು ಹುಲ್ಲುಗಾವಲಿನಿಂದ ತೆಗೆದು ಹಾಗೇ ಉಳಿಸಿಕೊಳ್ಳುವುದು ಆಗುವ ಕೆಲಸ. ಇನ್ನೂ ಜಾಲಿ ಬರದ, ಈಗಷ್ಟೇ ನಾಲ್ಕು ಸಸಿ ಕಂಡ ಕಡೆ ಮೊದಲು ಕೈ ಹಾಕಬೇಕು. ಅಲ್ಲಿ ಗುದ್ದಲಿ ಸಾಕು. ದಟ್ಟ ಕಾಡಾದ ಕಡೆ ಯಂತ್ರ ತಂದರೂ ಸಾಲದು. ಎಲ್ಲರ ಕಣ್ಣು ಮಾತ್ರ ದಟ್ಟ ಕಾಡಿನ ಮೇಲೇ ಇರುತ್ತದೆ.

ಮಲೆಯ ಕಡೆ ಬೇರೆ ಗಿಡ, ಅದೇ ಪ್ರಶ್ನೆ

ಮಳೆ ಹೆಚ್ಚಿರುವ ವಯನಾಡು, ನೀಲಗಿರಿ ಕಡೆ ಜಾಲಿಯ ಜಾಗದಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಇದೆ, ಮಲಯಾಳದಲ್ಲಿ ಮಂಜಕ್ಕೊನ್ನ. ಹಳದಿ ಹೂವಿನ ಈ ಅಮೆರಿಕದ ಮರವನ್ನು 1980ರ ದಶಕದಲ್ಲಿ ಮುತ್ತಂಗ ಕಡೆ ಅಂದಕ್ಕೂ ನೆರಳಿಗೂ ನೆಟ್ಟರು. ಈಗ ಮುದುಮಲೆ, ಬಂಡೀಪುರದ ಕಾಡಿನೊಳಗೂ ಹರಡಿ ಜಿಂಕೆ, ಆನೆಗಳ ಮೇವಿನ ಹುಲ್ಲನ್ನು ಮುಚ್ಚಿದೆ. ಕಡಿದರೆ ಇದೂ ಚಿಗುರುತ್ತದೆ. ಆದ್ದರಿಂದ ಬುಡದಿಂದ ಒಂದು ಮೀಟರಿನಷ್ಟು ಎತ್ತರ ಸುತ್ತಲೂ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವುದು, ಸಸಿಗಳನ್ನು ಕೈಯಲ್ಲಿ ಕೀಳುವುದು ಎಂಬ ಕ್ರಮ ಬಂದಿದೆ. ಮುದುಮಲೆಯ ಮರಗಳನ್ನು ಕಾಗದದ ಕಾರ್ಖಾನೆಗೆ ಕೊಡುವ ಏರ್ಪಾಟನ್ನೂ ತಮಿಳುನಾಡು ಮಾಡಿತು.

ತಾಳವಾಡಿಗೆ ಅಂಟಿದ ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನದ ಕಾಟ. ಹಿಂದೆ ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅಲ್ಲಿನ ಸೋಲಿಗರ ಅಭಿಪ್ರಾಯ. ಸಂಶೋಧಕರೂ ಇದನ್ನು ದಾಖಲಿಸಿದ್ದಾರೆ. ಲಂಟಾನ ಕೀಳುವಾಗ ಬುಡದ ತಾಯಿಬೇರನ್ನು ಮಣ್ಣಿನಿಂದ ಮೂರು ನಾಲ್ಕು ಸೆಂ.ಮೀ. ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಹಾಕಿದರೆ ಮತ್ತೆ ಬೇರು ಬಿಡುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿಯಿಂದ ಬುಟ್ಟಿ, ಕುರ್ಚಿ ಹೆಣೆದು ಮಾರುವವರಿದ್ದಾರೆ. ಒಳ್ಳೆಯ ಆದಾಯ, ಆದರೆ ಕಾಡಿನ ಲಂಟಾನ ಮುಗಿಯುವಷ್ಟು ಕುರ್ಚಿ ಯಾರಿಗೂ ಬೇಕಿಲ್ಲ.

ತೆಗೆಯುವುದೇ ಆದರೆ

ಮೊದಲು ಮರದ ಗುರುತು ಸರಿಯಾಗಿರಲಿ. ನಮ್ಮದೇ ಕರಿಜಾಲಿ, ತೆಲುಗಿನ ನಲ್ಲತುಮ್ಮ, ಕೂಡ ಕೆರೆ ಅಂಗಳದಲ್ಲೇ ಬೆಳೆಯುತ್ತದೆ. ಕರಿಜಾಲಿಯ ಹೂವು ದುಂಡನೆಯ ಹಳದಿ ಚೆಂಡು, ಕಾಯಿ ಮಣಿಸರದಂತೆ ನಡುನಡುವೆ ಇರುಕಾಗಿರುತ್ತದೆ. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತೆನೆ, ಕಾಯಿ ನೆಟ್ಟಗೆ ಅಥವಾ ಕುಡುಗೋಲಿನಂತೆ ಬಾಗಿ, ಬಲಿತಾಗ ಹಳದಿಯಾಗುತ್ತದೆ. ಯಂತ್ರದವನಿಗೆ ಎರಡೂ ಮುಳ್ಳುಮರವೇ. ಉಳಿಸಬೇಕಾದ ಮರಕ್ಕೆ ಸುಣ್ಣ ಬಳಿದು ಗುರುತು ಮಾಡುವುದು ಕ್ಷೇಮ.

ಕಾಯಿ ಬಲಿಯುವ ಮುಂಚೆ ಕೆಲಸ ಮುಗಿಯಬೇಕು. ಬಲಿತ ಕಾಯಿ ಇದ್ದ ಮರವನ್ನು ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಬಿತ್ತಿದಂತೆ. ಮಣ್ಣು ಹಸಿಯಿದ್ದಾಗ ಸಸಿಗಳು ಬೇರು ಸಮೇತ ಸುಲಭವಾಗಿ ಬರುತ್ತವೆ. ದೊಡ್ಡ ಮರವಾದರೆ ಬೊಡ್ಡೆಯ ಸುತ್ತ ತೋಡಿ ನೆಲದಿಂದ ಒಂದು ಅಡಿ ಕೆಳಗೆ ಕಡಿದರೆ ಮೊಗ್ಗಿರುವ ಭಾಗ ಹೋಗುತ್ತದೆ. ಗುತ್ತಿಗೆ ಕೊಡುವಾಗ ಮರದ ಲೆಕ್ಕಕ್ಕೆ ಬದಲು ಬೊಡ್ಡೆಯ ಲೆಕ್ಕಕ್ಕೆ ಹಣ ಕೊಡಬೇಕು, ಅದರಲ್ಲೂ ಒಂದು ಭಾಗವನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಕೊಡಬೇಕು. ಏರಿಯ ಮೇಲಿನ ದೊಡ್ಡ ಮರವನ್ನು ಯಂತ್ರದಿಂದ ಕಿತ್ತರೆ ಏರಿಯೇ ಬಾಯಿ ಬಿಡಬಹುದು. ಅದನ್ನು ನೀರಾವರಿ ಇಲಾಖೆಯವರನ್ನು ಕೇಳದೆ ಮುಟ್ಟಬಾರದು.

ತೆಗೆದ ಜಾಗ ಖಾಲಿ ಬಿಟ್ಟರೆ ಮಣ್ಣಿನಲ್ಲಿರುವ ಬೀಜ ಮೊದಲ ಮಳೆಗೇ ಏಳುತ್ತದೆ. ಹೊಲವಾದರೆ ಅದೇ ವರ್ಷ ಬಿತ್ತಬೇಕು. ಗೋಮಾಳವಾದರೆ ಹುಲ್ಲು ಏಳುವವರೆಗೆ ಮೇಯಿಸುವುದನ್ನು ನಿಲ್ಲಿಸಿ, ಹೊಂಗೆ, ಬೇವು, ಬನ್ನಿ, ಕರಿಜಾಲಿಗಳಿಗೆ ಅಂಚಿನಲ್ಲಿ ಜಾಗ ಕೊಡಬಹುದು. ಬೇಲಿಗೆ ಗಜ್ಜುಗ, ಕವಳಿ ಆಗುತ್ತವೆ, ಆದರೆ ಎರಡು ಮೂರು ವರ್ಷ ಕಾಯಬೇಕು. ಕನಿಷ್ಠ ಮೂರು ಮಳೆಗಾಲ, ವರ್ಷಕ್ಕೆ ಎರಡು ಸಲ ಸಸಿ ಕೀಳುವ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯದ ಊರು ಜೆಸಿಬಿಯ ಬಾಡಿಗೆಯನ್ನೂ ಕಳೆದುಕೊಂಡಂತೆ.

ಬಿಟ್ಟುಕೊಳ್ಳುವ ಜಾಗವನ್ನೂ ಗೆರೆ ಎಳೆದು ತೋರಿಸಬೇಕು. ಊರಿಗೆ ಹತ್ತಿರದ, ನೀರಿನ ದಾರಿಯಲ್ಲದ ಒಂದು ತುಂಡು ನೆಲದಲ್ಲಿ ಜಾಲಿಯನ್ನು ಉರುವಲಿಗೆಂದೇ ಉಳಿಸಿ, ಒಂದೋ ಎರಡೋ ಕಾಂಡ ಬಿಟ್ಟು ಉಳಿದ ಚಿಗುರು ಸವರುತ್ತಿದ್ದರೆ ಪೊದೆ ಮರವಾಗುತ್ತದೆ, ಕಟ್ಟಿಗೆ ದಪ್ಪ ಬರುತ್ತದೆ. ಬಲಿತ ಕಾಯಿಯನ್ನು ಆರಿಸಿ, ಬೀಜ ಒಡೆಯುವಂತೆ ಬೀಸಿ, ಬೇರೆ ಮೇವಿನ ಜೊತೆ ಸ್ವಲ್ಪ ಸೇರಿಸಿ ಕೊಟ್ಟರೆ ದನಕ್ಕೆ ಮೇವು, ಹರಡುವ ಭಯವೂ ಇಲ್ಲ. ಆ ತುಂಡಿನ ಕಟ್ಟಿಗೆ ಯಾರಿಗೆ, ಎಷ್ಟು ಎಂಬುದನ್ನು ಕಟ್ಟಿಗೆ ಹೊರುವವರೇ ಕೂತ ಸಭೆಯಲ್ಲಿ ತೀರ್ಮಾನಿಸಿದರೆ ಜಗಳ ಕಡಿಮೆ.

ಕಡಿಯುವ, ಸಾಗಿಸುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಂಧ್ರದಲ್ಲಿ 2002ರ ಜಲ, ಭೂಮಿ, ವೃಕ್ಷ ಕಾಯ್ದೆ ಇದೆ. ಮಹಾರಾಷ್ಟ್ರದಲ್ಲಿ 1964ರ ಮರ ಕಡಿತ ಕಾಯ್ದೆ, ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ. ಒಂದು ಕಡೆ ಪರವಾನಗಿ ಬೇಡದ ಮರಕ್ಕೆ ಇನ್ನೊಂದು ಕಡೆ ಬೇಕಾಗಬಹುದು. ಕೆರೆ, ಗೋಮಾಳದ ಮರ ಊರಿನವರದಾದರೂ ಮಾರುವ ಹಕ್ಕು ಪಂಚಾಯಿತಿಯದೋ ಇಲಾಖೆಯದೋ ಎಂದು ಕಾಗದದಲ್ಲಿ ನೋಡಿಕೊಳ್ಳಬೇಕು. ರಾಯದುರ್ಗದಿಂದ ಬಳ್ಳಾರಿಗೆ, ಅಕ್ಕಲಕೋಟೆಯಿಂದ ಆಳಂದಕ್ಕೆ ಇದ್ದಿಲು ಅಥವಾ ಕಟ್ಟಿಗೆಯ ಗಾಡಿ ಹೊರಡಿಸುವವರು ಎರಡೂ ಕಡೆಯ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಚೀಟಿ ಬೇಕಾದರೆ ಮೊದಲೇ ಪಡೆದು ಹೋಗುವುದು ಒಳ್ಳೆಯದು.